ಹಾಫ್ ಕ್ಲಚ್

ಶೆಫೀಲ್ಡಿನಲ್ಲಿ ಸಪಾಟು ರಸ್ತೆ ಹುಡುಕುವುದೆಂದರೆ
ಬೋಳುತಲೆಯಲ್ಲಿ ಹೇನು ಹುಡುಕಿದಂತೆ.
ಹತ್ತಿದರೆ ಇಳಿಯಬೇಕು, ಇಳಿದರೆ ಹತ್ತಬೇಕು,
ಅದರ ನಡುವೆ ಬೇಕೆಂತಲೇ
ಏರಿನ ಕುತ್ತಿಗೆಗೆ ಒಂದು ಕೆಂಪು ದೀಪ ಕಟ್ಟಿದ್ದಾರೆ.

ಅಲ್ಲೇ ನಿಂತಿದೆ ನನ್ನ ಪುಟ್ಟ ಬಿಳಿ ಕಾರು,
ನೆತ್ತಿಯ ಮೇಲೆ ಕೆಂಪು ‘ಎಲ್’ ಹೊತ್ತು.
ಡೆಕ್ಲನ್‌ಗೆ ಹದಿನೆಂಟು. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ.
ಇವತ್ತು ಇದೇ ದೀಪದ ಕೆಳಗೆ ಮೂರನೆಯ ಸಲ
ಎಂಜಿನ್ ಕೆಮ್ಮಿ, ನಡುಗಿ, ಸತ್ತಿತು.
ಹಿಂದಿನ ವ್ಯಾನಿನವನು ಹಾರ್ನಿನ ಮೇಲೆ ಮೊಣಕೈಯೂರಿ ಮಲಗಿದ್ದಾನೆ.

“ಈ ಹಾಳು ಕಾರೇ ಸರಿಯಿಲ್ಲ.” ಸ್ಟಿಯರಿಂಗಿಗೆ ಗುದ್ದಿದ.
“ನನ್ನಿಂದ ಆಗಲ್ಲ. ಯಾವುದೂ ಆಗಲ್ಲ.
ನೀವೇ ಓಡಿಸಿ, ಮನೆಗೆ ಬಿಡಿ.”

ಏನು ಹೇಳಲಿ?
ತಾಳಿದವನು ಬಾಳಿಯಾನು ಅಂತ
ನನ್ನ ಸೋದರತ್ತೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು,
ಒಲೆ ಹೊತ್ತದಿದ್ದರೆ ಲೈಟರನ್ನೇ ಎಸೆಯುತ್ತಿದ್ದಳು.
ನಾನೂ ದಾವಣಗೆರೆಯಲ್ಲಿ ಲೂನಾ ಹಾರಿಸಿದವಳು,
ಇದೇ ಏರಿನಲ್ಲಿ ನಾಲ್ಕು ಸಲ ಫೇಲಾಗಿ
ಆ ಬಸ್ ಸ್ಟಾಪಿನ ಬೆಂಚಿನ ಮೇಲೆ ಮೂಗು ಸೀಟುತ್ತ
ಪರೀಕ್ಷಕನ ಏಳು ತಲೆಮಾರಿಗೆ ಶಾಪ ಹಾಕಿದ್ದೆ.

ನನ್ನ ಕಾಲಡಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದೆ.
ಒತ್ತಿದರೆ ಮುಗಿಯಿತು:
ವ್ಯಾನಿನವನು ತಣ್ಣಗಾಗುತ್ತಾನೆ,
ಹುಡುಗ ಸಣ್ಣಗಾಗುತ್ತಾನೆ.

“ಹಾಫ್ ಕ್ಲಚ್,” ಅಂದೆ.
ನಮ್ಮೂರ ಲಾರಿ ಕ್ಲೀನರ್ ಹುಡುಗರಿಗೂ ಗೊತ್ತಿದ್ದ ಮಾತು;
ಇವರು ಅದನ್ನು ಕಚ್ಚುವ ಜಾಗ ಅನ್ನುತ್ತಾರೆ,
ನಾಯಿಯ ಬಗ್ಗೆ ಹೇಳಿದಂತೆ.
“ಪೂರ್ತಿ ಒತ್ತಿದರೆ ಹಿಂದಕ್ಕೆ ಜಾರುತ್ತೀಯ, ಪೂರ್ತಿ ಬಿಟ್ಟರೆ ಸಾಯುತ್ತದೆ.
ನಡುವೆ, ಎಂಜಿನ್ನಿನ ದನಿ ದಪ್ಪಗಾಗುವ ಕಡೆ,
ಬಾನೆಟ್ಟು ಒಂದಿಷ್ಟೇ ಮೂಗೆತ್ತುವ ಕಡೆ,
ಅಲ್ಲಿರು. ಏನೂ ಮಾಡಬೇಡ.”
“ಕಾಲು ನಡುಗುತ್ತಿದೆ.”
“ನಡುಗಲಿ ಬಿಡು.”

ನಾಲ್ಕನೆಯ ಸಲವೂ ಸತ್ತಿತು.
ಈ ಸಲ ಗುದ್ದಲಿಲ್ಲ, ಬೈದ ಅಷ್ಟೆ,
ಬೈಯುತ್ತಲೇ ಕೀಲಿ ತಿರುಗಿಸಿದ.
ವ್ಯಾನು ನಮ್ಮನ್ನು ಬಳಸಿಕೊಂಡು
ಏನೋ ಕಿರುಚಿ ಹೋಯಿತು.

ಐದನೆಯ ಸಲ, ಆಡಿನ ಮರಿಯಂತೆ
ಕುಪ್ಪಳಿಸಿ ಕುಪ್ಪಳಿಸಿ ಹತ್ತಿತು.
ಭೇಷ್ ಅನ್ನಲಿಲ್ಲ ನಾನು, ಅವನೂ ನಗಲಿಲ್ಲ.
ಮೇಲೆ, ಮುಚ್ಚಿದ ಚಾಪೆಲ್ಲಿನ ಹತ್ತಿರ,
ಮನೆಯ ದಾರಿ ಬಲಕ್ಕೆ.
ಅವನು ಎಡಕ್ಕೆ ಇಂಡಿಕೇಟರ್ ಹಾಕಿದ.
“ಎಲ್ಲಿಗೋ?”
“ಮತ್ತೆ ಕೆಳಕ್ಕೆ,” ಅಂದ, ನನ್ನ ಮುಖ ನೋಡದೆ.

ಸರಿಯಾಗಿ ಕೂರಲು ಹೋದೆ.
ಒತ್ತದ ಬ್ರೇಕಿನ ಮೇಲೆ ಅಷ್ಟು ಹೊತ್ತು ತೂಗಿದ್ದ
ನನ್ನ ಬಲಗಾಲು
ಜೋಮು ಹಿಡಿದಿತ್ತು.