ನೂರಿಪ್ಪತ್ತೇಳು

ಇಂತಿಯಾಜನಿಗೂ ನನಗೂ ನಡುವೆ ಈಗ
ಇಪ್ಪತ್ತು ಮಾರು ನೀಲಿ ವೈರು.
ಮೊದಲು ವಾಕಿಟಾಕಿ ಇತ್ತು,
ಅದಕ್ಕೂ ಮೊದಲು ಶಿಳ್ಳೆ.
ನಾನು "ಬಿಡು" ಅಂದದ್ದು ಅವನ ಕಿವಿಗೆ ಬಿದ್ದು
ಬೆರಳು ಕೀಲಿ ಒತ್ತುವಷ್ಟರಲ್ಲಿ
ನನ್ನ ಸಿಡಿಲು ಹೊಡೆದು ಆರಿರುತ್ತಿತ್ತು;
ಅವನ ಮಳೆ ಆಮೇಲೆ ಬರುತ್ತಿತ್ತು,
ಬಸ್ಸು ತಪ್ಪಿ ಧಾರೆ ಮುಗಿದ ಮೇಲೆ ಬಂದ ನೆಂಟರ ಹಾಗೆ.

ಈಗ ಅವನ ಲ್ಯಾಪ್‌ಟಾಪು ನನ್ನ ಲೈಟಿನ ಮೇಜಿನ ಮಾತು ಕೇಳುತ್ತದೆ.
ನಾನೂರ ಒಂದು: ಚಿತ್ರ ಎಷ್ಟು ಕಾಣಬೇಕು.
ನಾನೂರ ಎರಡು: ಯಾವ ಚಿತ್ರ.
ನಾನೂರ ಮೂರು ವೇಗ.
ಅದರ ನಡುಮಧ್ಯೆ, ನೂರಿಪ್ಪತ್ತೇಳರಲ್ಲಿ,
ಲೋಕ ಲೋಕದ ಹಾಗೆ ನಡೆಯುತ್ತದೆ.
ಮೇಲೆ ತಳ್ಳಿದರೆ ಅವಸರ.
ಕೆಳಗೆ ಎಳೆದರೆ ನಿಧಾನ, ಇನ್ನೂ ನಿಧಾನ,
ಒಂದು ಕಡೆ ನಿಶ್ಚಲ,
ಅದಕ್ಕೂ ಕೆಳಗೆ, ಹಿಂದಕ್ಕೆ.

ಸೀನರಿ ರಂಗಶಾಮಯ್ಯ ಪಕ್ಕದ ಕುರ್ಚಿಯಲ್ಲಿ
ಹಚ್ಚದ ಬೀಡಿ ಬಾಯಲ್ಲಿಟ್ಟು ಕೂತಿದ್ದಾರೆ.
ಅವರು ಬರೆದ ದರ್ಬಾರು, ಬೀದಿ, ಕಾಡು
ನಲವತ್ತು ವರ್ಷ ಹಗ್ಗದಲ್ಲಿ ಏರಿ ಇಳಿದವು.
ಹೋದ ಬೇಸಿಗೆಯಲ್ಲಿ ಅವನ್ನೆಲ್ಲ ಕಣದಲ್ಲಿ ಹರಡಿ
ಇಂತಿಯಾಜ್ ಫೋಟೊ ಹೊಡೆದ.
ಕಾಡಿನ ಮೂಲೆಗೆ ಇಲಿ ಕಡಿದ ತೂತೂ ಬಂದಿದೆ,
ಎಲ್ಇಡಿ ಗೋಡೆಯಲ್ಲಿ ಆಳೆತ್ತರ.
"ಇರಲಿ ಬಿಡಕ್ಕ, ಗುಹೆ ಅನ್ಕೋತಾರೆ."

ಕೊಳದ ಪರದೆ ಮಾತ್ರ ಗೋಡೌನಿನಲ್ಲಿ ಕೊಳೆತಿತ್ತು.
ಅದಕ್ಕೇ ಮೈದಾಳ ಕೆರೆಗೆ ಹೋಗಿ ಹಿಡಿದದ್ದು.
ಹದಿನೆಂಟು ಸೆಕೆಂಡು ನೀರು, ಆಮೇಲೆ ಫೋನು ಸತ್ತಿತು.
ಅಷ್ಟರಲ್ಲೇ ಒಂದು ಬೆಳ್ಳಕ್ಕಿ
ಎಡದಿಂದ ಬಲಕ್ಕೆ.

ಕೊರಟಗೆರೆ ಸ್ಕೂಲು ಮೈದಾನ, ರಾತ್ರಿ ಮೂರೂ ಕಾಲು.
ಸೋತ ರಾಜ ನೀರಿಗಿಳಿಯುವ ಸೀನು.
ರಾಜ ಲೈನ್‌ಮನ್ ಪುಟ್ಟಹೊನ್ನಯ್ಯ,
ಪಾರ್ಟಿಗೆ ಅರವತ್ತು ಸಾವಿರ ಕಟ್ಟಿದವನು,
ಮೂರು ತಿಂಗಳು ಕಂಬದ ಮೇಲೂ ಕಂದ ಹೇಳಿದವನು.
ಎದೆಮಟ್ಟ ನೀರಲ್ಲಿ ನಿಂತು ಹಾಡಿದ.
ಒನ್ಸ್ ಮೋರ್, ಅಂದಿತು ಕತ್ತಲು.
ಹಾರ್ಮೋನಿಯಂ ಮೇಷ್ಟ್ರು ಮೊದಲಿಗೆ ಮರಳಿದರು.

ಲ್ಯಾಪ್‌ಟಾಪಿಗೆ ಒನ್ಸ್ ಮೋರ್ ಗೊತ್ತಿಲ್ಲ.
ಅದಕ್ಕೆ ಲೂಪ್ ಗೊತ್ತು.
ಎರಡೂ ಒಂದೇ ಅಲ್ಲ.

ಹದಿನೆಂಟು ಸೆಕೆಂಡಿಗೆ ಒಂದು ಸಲ ಅದೇ ಬೆಳ್ಳಕ್ಕಿ.
ಮುಂದೆ ಚಾಪೆ ಮೇಲಿದ್ದ ಹುಡುಗರು ಎಣಿಸತೊಡಗಿದರು:
"ಬಂತು ಕಣೋ... ಬಂತು!"
ನಗು ತನ್ನದೆಂದುಕೊಂಡ ಪುಟ್ಟಹೊನ್ನಯ್ಯ.
ಕಿರೀಟ ಒಮ್ಮೆ ಮುಟ್ಟಿ ನೋಡಿಕೊಂಡ.
ಗಂಟಲು ಸಣ್ಣಗಾಯಿತು.

ನಾನು ಮೂರನೆಯದನ್ನು ಕೆಳಗೆಳೆದೆ.
ಹಕ್ಕಿ ತಡೆಯಿತು.
ರೆಕ್ಕೆ, ಯಾರೋ ಮಗುವಿನ ಕೈಗೆ ಕೊಡೆ ಬಿಚ್ಚಲು ಕೊಟ್ಟ ಹಾಗೆ,
ಬಿಚ್ಚಿತು, ಬಿಚ್ಚುತ್ತಲೇ ಇತ್ತು.
ಅವನು ಸ್ವರ ಎಳೆದಷ್ಟು ಹಕ್ಕಿ ಕೊಟ್ಟೆ,
ಉಸಿರು ತೆಗೆದುಕೊಂಡಾಗ ನಿಲ್ಲಿಸಿಕೊಂಡೆ.
ಹುಡುಗರ ಎಣಿಕೆ ತಪ್ಪಿತು.
ಬೆರಳ ತುದಿಯಲ್ಲಿ ಅವನ ಗಂಟಲಿನ ನಡುಕ ಸಿಕ್ಕಿತು ನನಗೆ,
ಅವನಿಗೆ ಗೊತ್ತಿಲ್ಲ,
ಹೇಳಲೂ ಇಲ್ಲ.

ಆಗ ನೋಟಿನ ಹಾರ ಹಿಡಿದು ಬಂದ ಅವನ ಬಾಮೈದ
ನೀಲಿ ವೈರಿಗೆ ಎಡವಿದ.

ಮೇಜಿಗೆ ಏನೂ ತಿಳಿಯಲಿಲ್ಲ.
ಮೇಲೆ ತಳ್ಳಿದೆ, ಕೆಳಗೆಳೆದೆ.
ನಂಟು ಕಡಿದರೆ ಅದರ ಗುಣ ಹೀಗೆ,
ಕೊನೆಗೆ ಕೇಳಿದ ಮಾತನ್ನೇ ಹಿಡಿದು ನಿಲ್ಲುತ್ತದೆ.
ರಾಜ ಮುಳುಗಿದ. ಲೈಟುಗಳನ್ನು ಒಂದೊಂದಾಗಿ ಆರಿಸಿದೆ,
ಅವು ಇನ್ನೂ ನನ್ನವು.
ಬೆಳ್ಳಕ್ಕಿ ಮಾತ್ರ ಗೋಡೆ ತುಂಬ
ಅರ್ಧ ರೆಕ್ಕೆ ಎತ್ತಿ ಉಳಿಯಿತು.
ಮೈದಾನ ಚಪ್ಪಾಳೆ ಮರೆಯಿತು.
ಇಂತಿಯಾಜ್ ಅಂಬೆಗಾಲಿನಲ್ಲಿ ಪ್ಲಗ್ಗು ಹುಡುಕುತ್ತಿದ್ದ.

ಕ್ಲಿಕ್. ಕೊಳ ಆರಿತು.

"ನನ್ನ ಕಾಡು ಎಷ್ಟನೇ ನಂಬರು?"
ರಂಗಶಾಮಯ್ಯ ಇಷ್ಟು ಹೊತ್ತಿಗೆ ಬಾಯಿ ತೆರೆದರು.
"ಹತ್ತಕ್ಕೆ ದರ್ಬಾರು, ಇಪ್ಪತ್ತಕ್ಕೆ ಬೀದಿ,
ಮೂವತ್ತು ನಿಮ್ಮ ಕಾಡು."
ಉಗುರಿನ ಸಂದಿಯಲ್ಲಿ ಇನ್ನೂ ಹಸಿರು ಬಣ್ಣವಿದ್ದ ಬೆರಳು
ನಾನೂರ ಎರಡರ ಮೇಲೆ ಇಟ್ಟರು.

ಒಂದನೆಯದು ಸೊನ್ನೆಯಲ್ಲೇ ಇತ್ತು, ಯಾರಿಗೂ ಕಾಣಲಿಲ್ಲ.
ಕತ್ತಲಲ್ಲೇ ದರ್ಬಾರು ದಾಟಿದರು,
ಬೀದಿ ದಾಟಿದರು,
ಇಲಿತೂತಿನ ಕಾಡಿಗೆ ಬಂದು ನಿಂತರು.

ಮೇಷ್ಟ್ರು ಶ್ರುತಿ ಹಿಡಿದಿದ್ದಾರೆ.
"ಎತ್ತಲಾ?" ಅಂದರು.
"ಇನ್ನೊಂದು ಉಸಿರು," ಅಂದೆ.