ಗುರುತಿಲ್ಲದ ಹನ್ನೊಂದು ನಿಮಿಷ

ನನ್ನ ಕೆಲಸ ಬರೆದುಕೊಳ್ಳುವುದು.
ಕುಮಾರಕೃಪ ಅತಿಥಿಗೃಹದ ಉದ್ದ ಮೇಜಿನ ತುದಿಗೆ
ಗೋಡೆಗೆ ಬೆನ್ನು ಕೊಟ್ಟು, ಮೂರು ಪೆನ್ಸಿಲು ಚೂಪು ಮಾಡಿಟ್ಟುಕೊಂಡು
ಪ್ರಧಾನಿ ಆಡಿದ್ದನ್ನೂ ಪ್ರಧಾನಿಗೆ ಆಡಿದ್ದನ್ನೂ
ಗೆರೆ, ಕೊಕ್ಕೆ, ಚುಕ್ಕೆಯಲ್ಲಿ ಹಿಡಿಯುವುದು.
ನಿಮಿಷಕ್ಕೆ ನೂರ ನಲವತ್ತು ಪದ. ಸರ್ಟಿಫಿಕೇಟಿದೆ.

ಅವತ್ತು ಬಂದವರು ಐದು ಜನ. ಒಳ್ಳೆಯ ಜನವೇ.
ಬೂಟು ಬಾಗಿಲಲ್ಲೇ ಬಿಡಬೇಕೇ ಎಂದು ಕೇಳಿದರು.
ಮೈಸೂರುಪಾಕು ಮುರಿದು ತಿಂದು, ಬೆರಳು ಒರೆಸಿಕೊಂಡು
ಹಡಗು ಈಗಾಗಲೇ ಹೊರಟಿದೆ ಎಂದರು.
ಹಡಗಿನ ತುಂಬ ರೇಷ್ಮೆ ನೂಲು, ನಮ್ಮದರ ಅರ್ಧ ಬೆಲೆಗೆ.
ಸುಂಕ ತೆಗೆದರೆ ಹೊಸೂರು ರಸ್ತೆಯಲ್ಲಿ ಒಂದು ಕಾರ್ಖಾನೆ.
ತೆಗೆಯದಿದ್ದರೆ, (ಹಿರಿಯ ಮನುಷ್ಯ ಇಲ್ಲಿ ನಕ್ಕ)
ನಮಗೆ ಬೇರೆ ದೇಶಗಳೂ ಗೊತ್ತು,
ನಿಮ್ಮ ಸಾಲದ ಕಂತಿನ ತಾರೀಖೂ ಗೊತ್ತು.
ನಕ್ಕಿದ್ದನ್ನು ನಾನು ಬರೆಯಲಿಲ್ಲ. ಪದ್ಧತಿಯಿಲ್ಲ.

ಪಕ್ಕದ ಗಾಲ್ಫ್ ಮೈದಾನದಲ್ಲಿ ಯಾರೋ ಚೆಂಡು ಹೊಡೆದರು.
ಬಾಗಿಲ ಬಳಿಯ ಕಮಾಂಡೊ
ಒಮ್ಮೆ ಬಂದೂಕು ಮುಟ್ಟಿ ನೋಡಿಕೊಂಡ.

ಆಗ ಬಂತು ಕಮಿಷನರ್ ಪೊನ್ನಪ್ಪನವರ ಚೀಟಿ.
ನನ್ನ ಕೈ ದಾಟಿಯೇ ಹೋಗಬೇಕು, ಓದಿದೆ:
ಕಬ್ಬನ್‌ಪೇಟೆಯಿಂದ ಹೊರಟವರು ಮೈಸೂರು ಬ್ಯಾಂಕ್ ವೃತ್ತ ದಾಟಿದ್ದಾರೆ.
ನಾಲ್ಕು ಸಾವಿರ. ಲಾರಿಯ ಮೇಲೊಂದು ಮಗ್ಗ. ಆದೇಶ?

ಆ ಲಾರಿಯಲ್ಲಿ ನನ್ನ ಅಣ್ಣ ಚೌಡಪ್ಪ.
ಬೆಳಗ್ಗೆ ಮಗ್ಗ ಬಿಚ್ಚಲು ಸ್ಪ್ಯಾನರ್ ಹುಡುಕಿಕೊಟ್ಟವನು ನಾನೇ.
ನಮ್ಮ ಮನೆಯಲ್ಲಿ ಕೂಗಿಯೇ ಮಾತಾಡುತ್ತೇವೆ, ಮಗ್ಗದ ಗದ್ದಲಕ್ಕೆ.
ಮಗ್ಗ ನಿಂತ ದಿನವೂ ಕೂಗುತ್ತೇವೆ.
ಅಲ್ಲಿ ಮಾತ್ರ ಉಸಿರು ಬಿಡದೆ ಕೂತಿದ್ದೆ.

ಸುಂಕದವನ ಮುಂದೆ ಸುಖದುಃಖ ಹೇಳಬೇಡ ಅನ್ನುತ್ತಾಳೆ ಅವ್ವ.
ಇಲ್ಲಿ ಸುಂಕ ಹಾಕುವವರ ಮುಂದೆ
ಹಡಗಿನವರು ಸುಖ ಹೇಳುತ್ತಿದ್ದರು,
ಲಾರಿಯವರು ದುಃಖ ಹೊತ್ತು ಬರುತ್ತಿದ್ದರು.

ಪ್ರಧಾನಿ ಚೀಟಿ ಓದಿ ಮಗುಚಿದರು.
ಹಿಂಬದಿಯಲ್ಲಿ ಏನೋ ಗೀಚಿದರು. ಕನ್ನಡಕ ತೆಗೆದಿಟ್ಟರು.
ಸೆರಗಿನ ಅಂಚಿನಲ್ಲಿ ಎದ್ದಿದ್ದ ಎಳೆಯೊಂದನ್ನು
ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.
ದುಭಾಷಿ ಕೆಮ್ಮಿದ. ಹಿರಿಯ ಮನುಷ್ಯ ಗಡಿಯಾರ ನೋಡಿದ.
ಹನ್ನೊಂದು ನಿಮಿಷ.
ಶೀಘ್ರಲಿಪಿಯಲ್ಲಿ ಮೌನಕ್ಕೆ ಗುರುತಿಲ್ಲ.
ಪೆನ್ಸಿಲು ಹಿಡಿದ ಕೈ ಸುಮ್ಮನೆ ಬೆವರಿತು.

ಆಮೇಲೆ ಅಂದರು:
'ಹಡಗು ಹೊರಟಿದ್ದರೆ ಬರಲಿ.
ಬಂದರಿನಲ್ಲಿ ನಿಲ್ಲುವುದಕ್ಕೂ ಬಾಡಿಗೆಯಿದೆ.'
ಬಾಗಿಲ ಕಡೆ ತಿರುಗಿ, ಇನ್ನೂ ಮೆಲ್ಲಗೆ: 'ಗುಂಡು ಬೇಡ.'
ಅಷ್ಟೇ.
ಲಾಠಿಯ ಮಾತು ಅವರು ಎತ್ತಲಿಲ್ಲ,
ಪೊನ್ನಪ್ಪನವರು ಕೇಳಲಿಲ್ಲ.

ಸಂಜೆತನಕ ಚೌಕಾಸಿ. ಸುಂಕ ಪೂರ್ತಿ ಹೋಗಲಿಲ್ಲ,
ಶೇಕಡಾ ಎಂಟು ಇಳಿಯಿತು.
ಮಾರಿಬಿಟ್ಟರು ಎಂದರು ಕೆಲವರು, ನಿಂತರು ಎಂದರು ಕೆಲವರು.
ಎಂಟರಲ್ಲಿ ಎಷ್ಟು ಮಗ್ಗ ಎಂದು ಯಾರೂ ಭಾಗಿಸಲಿಲ್ಲ.

ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅಣ್ಣನ ಕೊರಳೆಲುಬಿಗೆ ಪಟ್ಟಿ.
'ಏನಂದಳೋ ನಿಮ್ಮ ಪ್ರಧಾನಿ?'
ಗೋಪ್ಯತೆಯ ಪ್ರಮಾಣ ಮುರಿದು ಹೇಳಿದೆ: ಗುಂಡು ಬೇಡ ಅಂದರು.
ನಗಲು ಹೋಗಿ ನೋವಿಗೆ ಮುಖ ಕಿವುಚಿದ.
'ಮಗ್ಗ ಎಲ್ಲಿ?' ಎಂದ.
ಹಲಸೂರು ಗೇಟ್ ಠಾಣೆಯ ಅಂಗಳದಲ್ಲಿ, ಜಪ್ತಿ ಮಾಲು.

ರಾತ್ರಿ ನಡಾವಳಿ ಟೈಪು ಮಾಡಿದೆ:
ಸಭೆ ಸೌಹಾರ್ದದಿಂದ ಜರುಗಿತು.
ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟೆ.
ಅಧಿಕಾರಿ ಅದನ್ನು ಮುಚ್ಚಿಸಿದರು. ಕಾಗದ ದಂಡವಂತೆ.

ಮೇಜು ತೆರವು ಮಾಡುವಾಗ ಸಿಕ್ಕಿತು ಆ ಚೀಟಿ.
ಹಿಂಬದಿಯಲ್ಲಿ ಆದೇಶವಿರಲಿಲ್ಲ, ಒಂದು ಲೆಕ್ಕವಿತ್ತು.
ಸಾಲದ ಕಂತು, ಉಳಿದ ತಿಂಗಳು, ಪಕ್ಕದಲ್ಲಿ ನಾಲ್ಕು ಸಾವಿರ.
ಶಾಲೆಯ ಮಕ್ಕಳ ಹಾಗೆ ಒಂದರ ಕೆಳಗೊಂದು ಬರೆದು
ದಶಕ ಹೊರುವುದನ್ನು ಮರೆತಿದ್ದರು.

ಭದ್ರತೆಯ ನಿಯಮ: ಚೀಟಿಗಳನ್ನು ಸುಡಬೇಕು.
ಸುಟ್ಟೆ.
ಸುಡುವ ಮೊದಲು ಪೆನ್ಸಿಲಿನಲ್ಲಿ
ಆ ದಶಕವನ್ನು ತಿದ್ದಿದೆ.