ಹನ್ನೊಂದು ಬಾಯಿ

ಮೊದಲು ಹೋದದ್ದು ಸಾಮೆಗೆಡ್ಡೆ.
ಆಮೇಲೆ ಈರನಗೆರೆ ಬದನೆ, ನಾಲ್ಕು ಗಿಡ,
ಹೂ ಬಿಟ್ಟು ಹೀಚು ಕಟ್ಟಿದ್ದವು,
ಒಂದು ಬೆಳಿಗ್ಗೆ ನಿಂತ ನಿಲುವಿನಲ್ಲೇ ಬಾಡಿದವು.
ಎಳೆದರೆ ಕೈಗೆ ಬಂತು ಬರೀ ಕಡ್ಡಿ;
ಬೇರಿನ ಜಾಗದಲ್ಲಿ ತಣ್ಣನೆ ಗಾಳಿ.

ಬಟ್ಟೆ ಒಗೆಯುವ ಕಲ್ಲು ಒಂದು ಕಡೆ ಕುಸಿಯಿತು.
ಪಕ್ಕದಲ್ಲಿ ಗುಡ್ಡೆ ಮಣ್ಣು, ಎಷ್ಟು ನಯ,
ಜರಡಿ ಹಿಡಿದ ರಾಗಿ ಹಿಟ್ಟು.
ರಾತ್ರಿಯೆಲ್ಲ ಯಾರೋ ನನಗಿಂತ ಹೆಚ್ಚು ದುಡಿದಿದ್ದರು
ನನ್ನ ಹಿತ್ತಲಲ್ಲಿ.

ಬೋನು ತಂದೆ, ನೂರ ಎಂಬತ್ತು ರೂಪಾಯಿ.
ಮೊದಲ ದಿನ ಕೊಬ್ಬರಿ ಚೂರು,
ಎರಡನೆಯ ದಿನ ಈರುಳ್ಳಿ ಬೋಂಡ.
ಬಿದ್ದದ್ದು ಎದುರು ಮನೆಯ ಬೆಕ್ಕು.
ತಿಂದು ಒಳಗೇ ನಿದ್ದೆ ಹೊಡೆದಿತ್ತು,
ಬಾಗಿಲು ತೆಗೆದರೂ ಏಳಲಿಲ್ಲ.

ಪಾಷಾಣ ಬೇಡ ಅಂದೆ. ಹಿಂದೊಮ್ಮೆ ಇಟ್ಟಾಗ
ಅದು ಸಾಯಲು ಆರಿಸಿಕೊಂಡದ್ದು
ಬಚ್ಚಲ ಒಲೆಯ ಹಿಂದಿನ ಸಂದಿ.
ಹದಿನೈದು ದಿನ ಊದುಬತ್ತಿ ಹಚ್ಚಿದ್ದೇ ಹಚ್ಚಿದ್ದು.
ಬಂದ ನೆಂಟರು, ಏನಮ್ಮ, ವ್ರತವಾ? ಅಂದರು.

ಕೊನೆಗೆ ಬಂದ ಚೆಲುವಯ್ಯ, ಪಾಂಡವಪುರದ ಕಡೆಯವ,
ಕಬ್ಬಿನ ಗದ್ದೆಯಲ್ಲಿ ಇಲಿ ಹಿಡಿದೂ ಹಿಡಿದೂ
ಮಾತಾಡುವಾಗಲೂ ನೆಲವನ್ನೇ ನೋಡುವವ.
ಬೋನನ್ನು ಕಾಲಲ್ಲಿ ಸರಿಸಿದ.
ಒಂದು ಸುತ್ತು ಬಂದು ಬಿಲ ಎಣಿಸಿದ: ಹನ್ನೊಂದು.
“ಎಲ್ಲಾನೂ ಬಗೆಯಾಕ್ ಹೋಗ್ಬ್ಯಾಡಿ ಕಣವ್ವ.
ಸಂಜೆಗೆ ಎಲ್ಲದರ ಬಾಯೂ ಮಣ್ಣಲ್ಲಿ ಮೆತ್ಬುಡಿ.
ಬೆಳಗ್ಗೆ ಯಾವ್ದು ತೆಗ್ದಿರ್ತದೋ
ಅದ್ರಲ್ಲಿ ಜೀವ ಅದೆ. ಮಿಕ್ಕಿದ್ದು ಬರೀ ತೂತು.”

ಮೆತ್ತಿದೆ. ಹನ್ನೊಂದು ಉಂಡೆ ಕೆಸರು,
ರೊಟ್ಟಿ ತಟ್ಟಿದ ಹಾಗೆ ತಟ್ಟಿ, ಬೆರಳ ಗುರುತು ಬಿಟ್ಟು.
ಬೆಳಿಗ್ಗೆ ಹತ್ತು ಹಾಗೇ ಇದ್ದವು.
ತೆರೆದದ್ದು ಒಂದೇ, ಗೋಡೆಯ ಬುಡದ್ದು.

ಗೋಡೆ ಅಂದರೆ ಆ ಗೋಡೆ.
ನಿಂಗರಾಜಮ್ಮ ನಾಲ್ಕು ಬೆರಳು ಒತ್ತಿ ಕಟ್ಟಿದ್ದು ಅಂತ ನಾವು,
ನಾವೇ ನಾಲ್ಕು ಬೆರಳು ನುಂಗಿದ್ದು ಅಂತ ಅವರು.
ಸರ್ವೆಯವ ಎರಡು ಸಲ ಸರಪಳಿ ಎಳೆದು
ಎರಡು ಲೆಕ್ಕ ಕೊಟ್ಟ.
ಆರು ವರ್ಷದಿಂದ ವಾಯಿದೆ ಮೇಲೆ ವಾಯಿದೆ. ಮಾತಿಲ್ಲ.
ಅವರ ಒಗ್ಗರಣೆ ಘಾಟಿಗೆ ನಾನು ಸೀನುತ್ತೇನೆ,
ನಮ್ಮ ನಲ್ಲಿಯಲ್ಲಿ ನೀರು ಬಂದದ್ದು ಅವರಿಗೆ ಸದ್ದಿನಲ್ಲೇ ಗೊತ್ತು.
ಅಷ್ಟೇ ಬಳಕೆ.

“ಆಚೆ ಬಾಯಿ ಅವ್ರ ಕಡೆ ಅದೆ,” ಅಂದ ಚೆಲುವಯ್ಯ.
“ಇಲ್ಲಿ ಹೊಗೆ ಹಾಕಿದ್ರೆ ಅಲ್ಲಿ ಯಾರಾದ್ರೂ ಕೂತಿರ್ಬೇಕು.”

ಸ್ಟೂಲು ಹತ್ತಿ ಗೋಡೆಯ ಮೇಲೆ ತಲೆ ಎತ್ತಿದೆ.
ಏನೆಂದು ಕರೆಯುವುದು?
ಹಿಂದೆ ಅಕ್ಕ ಅನ್ನುತ್ತಿದ್ದೆ.
ಈಗ ಬಾಯಿಗೆ ಬಂದದ್ದು, “ಹೆಗ್ಗಣ.”

ರೇಷ್ಮೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಕಡಿದ ಎಳೆ ಹುಡುಕಿದ ಕಣ್ಣು.
ಆ ಕಣ್ಣಲ್ಲಿ ನನ್ನನ್ನು ಅಳೆದು,
ಬಿಡಿಸುತ್ತಿದ್ದ ಸೊಪ್ಪು ಕೆಳಗಿಟ್ಟು ಅಂದರು:
“ನಮ್ಮ ಕಡೆ ಏಳು.”

ಬೆರಣಿ, ಒಣಮೆಣಸಿನಕಾಯಿ, ತೂತು ಮಡಕೆ.
ನಾನು ಈಚೆ ಕೆಮ್ಮುತ್ತ ಊದುತ್ತ,
ಅವರು ಆಚೆ ಒನಕೆ ಹಿಡಿದು,
ನಡುವೆ ಆ ನಾಲ್ಕು ಬೆರಳು.
“ಬಂತಾ?”
“ಇಲ್ಲ.”
“ಈಗ?”
“ಬಂತು.”
“ಹೊಡೀರಿ!”
“ಏನು ಹೊಡೀಲಿ, ಹೊಗೆ.”

ಹೆಗ್ಗಣ ಬಂದದ್ದು ಮೂರನೆಯ ಬಾಯಿಂದ,
ರಸ್ತೆ ಬದಿಯ ಚಪ್ಪಡಿ ಸಂದಿಯಿಂದ.
ಮೈ ಕೊಡವಿ, ಹಾಲಿನ ಹುಡುಗನ ಸೈಕಲ್ ಸುತ್ತಿ,
ಅವಸರವೇ ಇಲ್ಲದೆ
ನಗರಪಾಲಿಕೆಯ ಚರಂಡಿಗೆ ಇಳಿಯಿತು.
ಅಲ್ಲಿ ನಮ್ಮಿಬ್ಬರ ದಾವೆಯೂ ನಡೆಯುವುದಿಲ್ಲ.

ಒಡೆದ ಗಾಜು ತುಂಬಿ ಎರಡೂ ಕಡೆ ಮುಚ್ಚಿದೆವು.
ಒಂದೇ ಬಾಂಡಲಿ ಸಿಮೆಂಟು, ಅರ್ಧರ್ಧ ದುಡ್ಡು;
ಚಿಲ್ಲರೆ ಎಂಟು ರೂಪಾಯಿ ಗೋಡೆಯ ಮೇಲಿಟ್ಟು ಹೋದರು.
ಮುಂದಿನ ವಾಯಿದೆ ಹದಿನೇಳಕ್ಕೆ.
ಇಬ್ಬರೂ ಹೋಗುತ್ತೇವೆ, ಬೇರೆ ಬೇರೆ ಬಸ್ಸಿನಲ್ಲಿ.

ಬೆಳಿಗ್ಗೆ ಮಾತ್ರ ಗೋಡೆಯಾಚೆಯಿಂದ ಒಂದು ದನಿ:
“ತೆಗೆದಿದೆಯಾ?”
“ಇಲ್ಲ,” ಅನ್ನುತ್ತೇನೆ. “ನಿಮ್ಮ ಕಡೆ?”
“ಇಲ್ಲ.”
ಆಮೇಲೆ ಪಾತ್ರೆಯ ಸದ್ದು.

ಮೊನ್ನೆ ಎರಡು ದಿನ ದನಿ ಇರಲಿಲ್ಲ.
ಇವತ್ತು ಬದನೆ ಪಾತಿಯ ಪಕ್ಕ
ಒಂದು ಹಿಡಿ ನಯ ಮಣ್ಣು.
ಕಾಲಲ್ಲಿ ಒತ್ತಿ ಮುಚ್ಚಬಹುದಿತ್ತು.

ಸ್ಟೂಲು ಎಲ್ಲಿಟ್ಟೆ ಅಂತ ಹುಡುಕುತ್ತಿದ್ದೇನೆ.